ನೂರಕ್ಕೆ ನೂರು ಕೊಟ್ಟ ರತ್ನಕ್ಕ

ಚನ್ನರಾಯಪಟ್ಟಣ, ಹೊರಡುವ ಮೊದಲು

ರತ್ನಕ್ಕನ ನಿಜವಾದ ಹೆಸರು ರತ್ನ ಅಲ್ಲ. ಬರೆಯಲೇ ಎಂದು ಒಪ್ಪಿಗೆ ಕೇಳಿದಾಗ ಅವರು ಹಾಕಿದ ಷರತ್ತು ಒಂದೇ: ಹೆಸರು ಬೇರೆ ಇರಬೇಕು, ಆದರೆ ಚೆನ್ನಾಗಿರಬೇಕು. ಬದಲಿ ಹೆಸರನ್ನು ಅವರೇ ಆರಿಸಿದರು. ನನ್ನ ಹೆಸರನ್ನು ನಾನು ಬದಲಾಯಿಸಿಲ್ಲ, ಬರೆದೇ ಇಲ್ಲ.

ನಾನು ಹಾಸನದಲ್ಲಿ ಓದಿ ಈಗ ಮೈಸೂರಿನಲ್ಲಿ ಮನಃಶಾಸ್ತ್ರದ ಸಂಶೋಧನೆ ಮಾಡುತ್ತಿರುವವಳು. ನೆದರ್‌ಲ್ಯಾಂಡ್ಸ್ ದೇಶದ ಗ್ರೋನಿಂಗೆನ್ ಊರಿನ ಒಂದು ಆಸ್ಪತ್ರೆಯಿಂದ ನನ್ನ ಮಾರ್ಗದರ್ಶಕರಿಗೆ ಒಂದು ಕೋರಿಕೆ ಬಂತು. ಅಲ್ಲಿ ಖಿನ್ನತೆಗೆ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದರು. ಅದಕ್ಕಿನ್ನೂ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಪರೀಕ್ಷೆಗೆ ಒಪ್ಪಿಕೊಂಡವರಲ್ಲಿ ಒಬ್ಬರು ಅಲ್ಲಿಯ ವೃದ್ಧಾಶ್ರಮದಲ್ಲಿ ಬಹಳ ವರ್ಷಗಳಿಂದ ನರ್ಸ್ ಆಗಿರುವ ಕನ್ನಡದ ಹೆಂಗಸು. ಡಚ್ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವ ಆಕೆ, ಮೊದಲ ಸಲ ಮಾತ್ರೆ ನುಂಗಿ ಮಲಗಿದ ಮೇಲೆ ಸಂಜೆಯವರೆಗೂ ಕನ್ನಡ ಬಿಟ್ಟು ಇನ್ನೊಂದು ಮಾತಾಡಲಿಲ್ಲವಂತೆ. ಎರಡನೇ ಸಲಕ್ಕೆ ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿ ಕೂರಬೇಕಿತ್ತು.

ಆಕೆಯ ಒಪ್ಪಿಗೆ ಪಡೆದು ಮೊದಲ ದಿನದ ಧ್ವನಿಮುದ್ರಣದ ತುಣುಕೊಂದನ್ನೂ ಕಳಿಸಿದ್ದರು. 'ರೋಗಿಯು ಒಂದೇ ಮಂತ್ರವನ್ನು ಪುನಃ ಪುನಃ ಹೇಳುತ್ತಾರೆ, ಪ್ರಾರ್ಥನೆ ಇರಬಹುದು' ಎಂದು ವೈದ್ಯರ ಷರಾ. ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ. ಹೊಳೆನರಸೀಪುರದ ಕಡೆಯ ದನಿ.

"ಬ್ಯಾಡ ಬುಡ್ರವ್ವ, ನಿಮಗ್ಯಾಕೆ ತೊಂದ್ರೆ. ಬ್ಯಾಡ ಬುಡ್ರವ್ವ, ನಿಮಗ್ಯಾಕೆ ತೊಂದ್ರೆ."

ಯಾರೋ ಹೊದಿಕೆ ಹೊದಿಸಲು ಹೋಗಿರಬೇಕು.

ಚನ್ನರಾಯಪಟ್ಟಣದ ಮನೆಯಲ್ಲಿ ಅಪ್ಪನಿಗೆ ಔಷಧದ ಬಗ್ಗೆ ವಿವರಿಸಬೇಕಾಯಿತು. ಅಪ್ಪ ಅರಕಲಗೂಡು ಮಾರ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವಿದೆ, ಅದು ಕೂರಲೆಂದೇ ನರಕೋಶಗಳ ಮೇಲೆ ಸೀಟುಗಳಿವೆ, ಈ ಔಷಧ ಹೋಗಿ ಆ ಸೀಟಿನಲ್ಲಿ ಕೂತುಬಿಡುತ್ತದೆ, ಕೂತಷ್ಟು ಹೊತ್ತು ಕಂಡದ್ದು, ಕೇಳಿದ್ದು, ನೆನಪಾದದ್ದು ಎಲ್ಲವೂ ಬೇರೆಯದೇ ರೀತಿ ತೋರುತ್ತದೆ ಎಂದೆ.

"ಅಂದ್ರೆ ಸೆರೊಟೋನಿನ್ನು ಕಿಟಕೀಲಿ ಟವಲ್ ಹಾಕಿ ಸೀಟ್ ಹಿಡ್ದಿರ್ತದೆ. ಇದು ಬಂದು ಟವಲ್ ಮ್ಯಾಲೇ ಕೂತ್ಕತ್ತದೆ."

"ಹೆಚ್ಚುಕಮ್ಮಿ ಹಾಗೇ ಅಪ್ಪ."

"ಜಗಳ ಆಗಲ್ವಾ?"

"ಅದನ್ನೇ ನೋಡ್ತಿದ್ದಾರೆ."

"ನೋಡ್ಲಿ. ಅರಕಲಗೂಡು ಗಾಡೀಲಿ ನಾನು ಮೂವತ್ತು ವರ್ಷ ಅದನ್ನೇ ನೋಡಿದ್ದು" ಎಂದರು ಅಪ್ಪ. ಅಷ್ಟಕ್ಕೆ ಔಷಧಶಾಸ್ತ್ರದ ಪಾಠ ಮುಗಿಯಿತು. ಅಮ್ಮ ರಾಗಿ ಹುರಿಹಿಟ್ಟು ಕಟ್ಟಿದರು.

ಗ್ರೋನಿಂಗೆನ್: ಪರದೆ ಇಲ್ಲದ ಮನೆ

ಈ ಊರಿನಲ್ಲಿ ಕಿಟಕಿಗಳು ಗೋಡೆಯಷ್ಟು ದೊಡ್ಡವು, ಪರದೆ ಎಳೆಯುವವರು ಕಡಿಮೆ. ಸಂಜೆ ಬೀದಿಯಲ್ಲಿ ನಡೆದರೆ ಸಾಲಾಗಿ ಎಲ್ಲರ ಮನೆಯ ಊಟವೂ ಕಾಣುತ್ತದೆ. ಆದರೆ ನೋಡುವುದು ಅಸಭ್ಯತೆಯಂತೆ. ನಮ್ಮಲ್ಲಿ ಇದು ತಿರುಗುಮುರುಗು: ಬಾಗಿಲು ಮುಂದಕ್ಕೆ ಹಾಕಿರುತ್ತೇವೆ, ಆದರೆ ಒಳಗೆ ಏನು ಸಾರು ಎಂದು ಬೀದಿಗೆಲ್ಲ ಗೊತ್ತಿರುತ್ತದೆ. ನನಗೆ ನೆಲ ಅಂತಸ್ತಿನ ಕೋಣೆ ಸಿಕ್ಕಿತ್ತು. ಮೊದಲ ದಿನವೇ ಕಿಟಕಿಗೆ ನನ್ನ ದುಪ್ಪಟ್ಟ ಇಳಿಬಿಟ್ಟೆ.

"ಅದನ್ನು ಯಾಕೆ ಅಲ್ಲಿ ಒಣಗಿಸುತ್ತೀ? ಚೆನ್ನಾಗಿ ಕಾಣುವುದಿಲ್ಲ" ಎಂದರು ಮನೆಯೊಡತಿ ಮರೈಕೆ. ಅವರು ಭೂಗೋಳದ ನಿವೃತ್ತ ಟೀಚರು. ಬೈದದ್ದಲ್ಲ, ವರದಿ ಮಾಡಿದ್ದು. ಈ ಜನ ಮನಸ್ಸಿಗೆ ತೋಚಿದ್ದನ್ನು ಹವಾಮಾನ ಹೇಳಿದಷ್ಟೇ ಸಹಜವಾಗಿ ಹೇಳುತ್ತಾರೆ. ನನ್ನ ಸೂಟ್‌ಕೇಸು ವಿಪರೀತ ದೊಡ್ಡದು, ನನ್ನ ಇಂಗ್ಲಿಷು ಬಹಳ ವೇಗ, ನಾನು ಸೈಕಲ್ ಓಡಿಸುವುದು ಅಪಾಯಕರ. ಮೂರೂ ನಿಜ. ಅಲ್ಲಿಯ ಸೈಕಲ್ಲಿಗೆ ಕೈಯಲ್ಲಿ ಬ್ರೇಕ್ ಇರಲಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ನನಗೆ ಅದು ತಿಳಿದದ್ದು ಒಂದು ಬೇಲಿಯೊಳಗೆ ಹೋಗಿ ನಿಂತ ಮೇಲೆ. ಪಕ್ಕದಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಇಳಿದು ನೋಡಿ, "ನಿನಗೆ ಸೈಕಲ್ ಬರುವುದಿಲ್ಲ" ಎಂದು ತಿಳಿಸಿ ಹೊರಟುಹೋದರು.

ಮಧ್ಯಾಹ್ನ ಎಲ್ಲರೂ ಒಣ ಬ್ರೆಡ್ಡಿನೊಡನೆ ಲೋಟಗಟ್ಟಲೆ ಮಜ್ಜಿಗೆ ಕುಡಿಯುತ್ತಾರೆ. ಮಜ್ಜಿಗೆ ಕಂಡು ಕಣ್ಣು ತುಂಬಿ ಬಂದಿತ್ತು. ಬಾಯಿಗಿಟ್ಟರೆ ಉಪ್ಪಿಲ್ಲ, ಇಂಗಿಲ್ಲ, ಕರಿಬೇವಿಲ್ಲ. ಮರೈಕೆ ಆ ರಾತ್ರಿ ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಅದಕ್ಕೆ ಕಹಿ ಸೊಪ್ಪನ್ನು ಹಸಿಯಾಗಿಯೇ ಬೆರೆಸಿ ಮುಂದಿಟ್ಟರು. ಹೇಗಿದೆ ಎಂದು ಕೇಳಿದರು. ಬಹಳ ಚೆನ್ನಾಗಿದೆ ಎಂದೆ. ಮಾರನೆಯ ದಿನವೂ ಅದೇ ಬಂತು. "ನಿನಗೆ ಇಷ್ಟವಾಯಿತಲ್ಲ, ಜಾಸ್ತಿ ಮಾಡಿದೆ" ಎಂದರು.

ಆಸ್ಪತ್ರೆ

ಪರೀಕ್ಷೆಯ ಮುಖ್ಯ ವೈದ್ಯರು ವಿಲ್ಲೆಮ್. ಹೆಸರು ಹಿಡಿದೇ ಕರೆಯಬೇಕೆಂದು ಹೇಳಿದರು. ನನ್ನ ಬಾಯಲ್ಲಿ ಅದು ಬರದೆ, ಇದ್ದಷ್ಟು ದಿನವೂ ಅವರು ನನ್ನ ಕಡೆ ತಿರುಗುವವರೆಗೆ ಕಾದು ಮಾತಾಡಿದೆ.

ವಿಷಯವನ್ನು ಅವರು ನೇರವಾಗಿ ಹೇಳಿದರು. ಎರಡು ಸಲ ಮಾತ್ರೆ ಕೊಡುತ್ತಾರೆ. ಒಂದರಲ್ಲಿ ಔಷಧ ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ನೆಪಕ್ಕಷ್ಟೇ. ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಎರಡನೆಯ ಮಾತ್ರೆ ಕೊಟ್ಟು ಒಂದು ವಾರಕ್ಕೆ ಕೊನೆಯ ಪ್ರಶ್ನೋತ್ತರ. ಅಲ್ಲಿ ರೋಗಿ ಗುಣವಾಗಿದ್ದಾರೆ ಎಂದು ಬಂದರೆ ಅವರ ಪಾಲಿನ ಪರೀಕ್ಷೆ ಮುಗಿಯಿತು, ಮನೆಗೆ. ಗುಣವಾಗಿಲ್ಲ ಎಂದು ಬಂದರೆ ಇನ್ನೂ ಆರು ತಿಂಗಳು ಚಿಕಿತ್ಸೆ, ಗೊತ್ತಿದ್ದೇ ಪೂರ್ತಿ ಪ್ರಮಾಣದ ಔಷಧ. "ಈಕೆಗೆ ಹಳೆಯ ಮಾತ್ರೆಗಳು ಯಾವುವೂ ಹಿಡಿದಿಲ್ಲ. ಇದು ಬಿಟ್ಟರೆ ನಮ್ಮ ಕೈಯಲ್ಲಿ ಹೆಚ್ಚೇನಿಲ್ಲ. ಅದಕ್ಕೇ ಉತ್ತರ ಸರಿಯಾಗಿ ಬರಬೇಕು" ಎಂದರು.

ರತ್ನಕ್ಕ ಬಂದರು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿಯವರು, ಹಾಸನದಲ್ಲಿ ನರ್ಸಿಂಗ್ ಕಲಿತವರು. ಬಂದವರೇ ಮಂಚದ ಹೊದಿಕೆಯ ಮೂಲೆ ಸರಿಯಿಲ್ಲವೆಂದು ತಾವೇ ಎಳೆದು ಮಡಿಸಿದರು. ಮಾತ್ರೆ ನುಂಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದರು. ಎಡಕ್ಕೆ ವಿಲ್ಲೆಮ್, ಬಲಕ್ಕೆ ನಾನು. ಮೆಲ್ಲಗೆ ಸಂಗೀತ.

ಪಕ್ಕದಲ್ಲಿ ಕೂರುವವರಿಗೆ ಒಂದು ನಿಯಮವಿದೆ. ರೋಗಿ ಏನೇ ಕೇಳಲಿ, ಉತ್ತರ ಒಂದೇ: ನಾವು ಇಲ್ಲೇ ಇದ್ದೇವೆ. ಈ ನಿಯಮ ನನಗೆ ಎಷ್ಟು ಹಿಡಿಸಿತೆಂದರೆ, ಊರಿನ ಮದುವೆಮನೆಗಳಲ್ಲೂ ಬಳಸಿಕೊಳ್ಳಬಹುದೆಂದು ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಪಟ್ಟಿಯ ಒಂದು ತುದಿ ಮೇಲೆದ್ದಿತು. ಕೆಳಗೆ ಒಂದು ಕಣ್ಣು.

"ಚನ್ರಾಯಪಟ್ಣದಾಗೆ ಎಲ್ಲಾಯ್ತವ್ವ ನಿಮ್ಮನೆ?"

"ನಾವು ಇಲ್ಲೇ ಇದ್ದೇವೆ, ರತ್ನಕ್ಕ."

"ಇಲ್ಲೇ ಇರಾದು ಕಾಣ್ತದೆ. ಯಾರ ಮಗ್ಳು?"

"ನಾವು ಇಲ್ಲೇ ಇದ್ದೇವೆ."

"ಬಲೇ ಬಿಗಿ ಕಣವ್ವ ನೀನು. ಮದ್ವೆ ಆಗದಾ?"

ವಿಲ್ಲೆಮ್ ಆಸೆಗಣ್ಣಿನಿಂದ ನನ್ನತ್ತ ನೋಡಿದರು, ಏನು ಕಾಣುತ್ತಿದೆಯಂತೆ ಎಂದು ಪಿಸುಗುಟ್ಟಿದರು. ನನ್ನ ಮದುವೆಯ ವಿಚಾರ ಎಂದು ಹೇಳಬೇಕಾಯಿತು. ಅವರು ಗಂಭೀರವಾಗಿ ತಲೆಯಾಡಿಸಿದರು.

ಮಧ್ಯಾಹ್ನವಾಯಿತು. ಪಟ್ಟಿ ಮತ್ತೆ ಎದ್ದಿತು. "ಆ ಯಪ್ಪ ಬೆಳಗ್ಗಿಂದ ಕೂತವ್ನೆ, ಒಂದ್ ಲೋಟ ಕಾಪಿನಾದ್ರೂ ಕೊಡ್ರವ್ವ. ಬೆನ್ ಹಿಡ್ಕತ್ತದೆ." ಕಾಫಿ ತರಿಸಿದೆವು. ಅವರು ಕುಡಿಯುವವರೆಗೆ ರತ್ನಕ್ಕ ಕಣ್ಣು ಮುಚ್ಚಲಿಲ್ಲ.

ಆಮೇಲೆ ವಿಲ್ಲೆಮ್ ಡಚ್ಚಿನಲ್ಲಿ ಹೇಗನ್ನಿಸುತ್ತಿದೆ ಎಂದು ಕೇಳಿದರು. ರತ್ನಕ್ಕ ಡಚ್ಚಿನಲ್ಲೇ, ಬಹಳ ಸುಂದರವಾಗಿದೆ, ಬಣ್ಣಗಳು ಕಾಣುತ್ತಿವೆ ಎಂದರು. ಅವರು ಹಿಗ್ಗಿ ಅತ್ತ ತಿರುಗಿ ಏನೋ ಗುರುತು ಹಾಕಿಕೊಳ್ಳುವಾಗ ರತ್ನಕ್ಕ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಏನೂ ಕಾಣ್ತಿಲ್ಲ ಕಣವ್ವ. ಓದ್ಸಲ ಒಸಿ ಏನೋ ಇತ್ತು, ಈ ಸಲ ಅದೂ ಇಲ್ಲ. ಪಾಪ, ಇಷ್ಟೆಲ್ಲ ಮಾಡವ್ರೆ, ಊ ಮಡಗವ್ರೆ, ದೀಪ ಸಣ್ಣದ್ ಮಾಡವ್ರೆ. ಏನೂ ಇಲ್ಲ ಅಂತ ಮಕದ್ ಮ್ಯಾಲೆ ಎಂಗ್ ಯೋಳಾದು? ನೀನೂ ಯೋಳ್ಬ್ಯಾಡ."

ನಾವು ಇಲ್ಲೇ ಇದ್ದೇವೆ ಎಂದೆ.

ಸಂಜೆ ಪ್ರಶ್ನೆಗಳು. ಸೊನ್ನೆಯಿಂದ ನೂರರವರೆಗೆ ಅಂಕ. ನಾನು ಕನ್ನಡದಲ್ಲಿ ಕೇಳಬೇಕು, ವಿಲ್ಲೆಮ್ ಎದುರಿಗೆ ಕೂತು ಬರೆದುಕೊಳ್ಳುತ್ತಾರೆ. ನೆಮ್ಮದಿ ಎಷ್ಟು? "ನೂರು ಆಕವ್ವ." ಸೌಂದರ್ಯದ ಅನುಭವ? "ನೂರು." ಇಡೀ ಜಗತ್ತಿನೊಡನೆ ಒಂದಾದಂತೆ ಅನ್ನಿಸಿತೆ? "ಎಲ್ರೂ ಇಲ್ಲೇ ಇದೀರಲ್ಲ, ಇನ್ನೇನಾಗ್ಬೇಕು? ನೂರು." ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಜಿಲ್ಲೆ ಎಷ್ಟು ಮುಂದೆ ಬಂದರೂ ಇಂಥ ಅಂಕಪಟ್ಟಿ ನಾನು ಕಂಡಿಲ್ಲ. ವಿಲ್ಲೆಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ಒಳ್ಳೆಯ ಫಲ ಯಾರಲ್ಲೂ ಬಂದಿಲ್ಲ ಎಂದರು.

ಕೋಣೆಯಲ್ಲಿ ಆಡಿದ್ದನ್ನೆಲ್ಲ ಅವರಿಗೆ ತಿಳಿಸುವುದು ನನ್ನ ಕೆಲಸ. ಎಲ್ಲವನ್ನೂ ತಿಳಿಸಿದೆ, ಬೆನ್ನು ಹಿಡಿದುಕೊಳ್ಳುವ ವಿಷಯವನ್ನೂ. ಕೊನೆಗೆ, "ಒಂದು ಮಾತು ಉಳಿದಿದೆ. ಹೇಳಬೇಡ ಎಂದಿದ್ದಾರೆ. ಅವರೇ ಹೇಳುವಂತೆ ಮಾಡಲು ಮುಂದಿನ ಶುಕ್ರವಾರದ ಪ್ರಶ್ನೋತ್ತರದವರೆಗೆ ನನಗೆ ಸಮಯ ಕೊಡಿ" ಎಂದೆ. ಅವರು ಸ್ವಲ್ಪ ಯೋಚಿಸಿ, "ಶುಕ್ರವಾರದ ಆಚೆಗೆ ಆಗುವುದಿಲ್ಲ" ಎಂದರು.

ಒಂದು ಹುಟ್ಟುಹಬ್ಬ

ಆ ವಾರ ಮರೈಕೆಯ ಹುಟ್ಟುಹಬ್ಬ. ಇಲ್ಲಿ ಹುಟ್ಟುಹಬ್ಬವೆಂದರೆ ಕುರ್ಚಿಗಳನ್ನು ಗೋಡೆಗುಂಟ ದುಂಡಗೆ ಹಾಕಿ ಎಲ್ಲರೂ ಕೂರುವುದು. ಬಂದವರು ಹುಟ್ಟಿದವರಿಗೆ ಮಾತ್ರವಲ್ಲ, ಅವರ ತಂಗಿಗೆ, ನೆರೆಯವರಿಗೆ, ಬಾಡಿಗೆಯವಳಾದ ನನಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಮರೈಕೆ ಹುಟ್ಟಿದ್ದರಲ್ಲಿ ನನ್ನ ಪಾತ್ರವೇನೂ ಇಲ್ಲದಿದ್ದರೂ ಧನ್ಯವಾದ ಹೇಳುತ್ತಾ ಕೂತೆ.

ರಾತ್ರಿ ಊಟಕ್ಕೆ ಅದೇ ಹಿಸುಕಿದ ಆಲೂಗಡ್ಡೆ, ನನ್ನ ಗೌರವಾರ್ಥ. ನನ್ನ ಪಕ್ಕದ ನೆರೆಯಾಕೆ ಒಂದು ಚಮಚ ತಿಂದು ತಟ್ಟೆ ಸರಿಸಿ, "ಮರೈಕೆ, ಇದು ನನಗೆ ಸೇರುವುದಿಲ್ಲ" ಎಂದರು.

ನಾನು ಉಸಿರು ಬಿಗಿಹಿಡಿದೆ. ನಮ್ಮ ಕಡೆ ಇಂಥ ಮಾತಿಗೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತು, ಮುಂದಿನ ಮದುವೆಯಲ್ಲಿ ಯಾರೋ ಹಿರಿಯರು ಕೂತು ರಾಜಿ ಮಾಡಿಸಬೇಕಾಗುತ್ತದೆ.

"ಬ್ರೆಡ್ ಇದೆ, ಕೊಡಲೇ?" ಎಂದರು ಮರೈಕೆ.

"ಕೊಡು."

ಅಷ್ಟೇ. ಇಬ್ಬರೂ ಮಳೆಯ ಬಗ್ಗೆ ಮಾತಾಡಿದರು. ನಾನು ಮಾತ್ರ ಎರಡನೇ ಸಲ ಹಾಕಿಸಿಕೊಂಡ ಆಲೂಗಡ್ಡೆಯನ್ನು ನೋಡುತ್ತಾ ಕೂತಿದ್ದೆ. ಇದನ್ನು ನನ್ನ ತಟ್ಟೆಗೆ ಬಡಿಸಿದ್ದು ಮರೈಕೆಯಲ್ಲ, ದಾಕ್ಷಿಣ್ಯ. ಅಲ್ಲಿ ಆಸ್ಪತ್ರೆಯಲ್ಲಿ ನೂರಕ್ಕೆ ನೂರು ಕೊಡಿಸಿದ್ದೂ ಅದೇ. ನನಗೆ ಅದರಿಂದ ಆದ ನಷ್ಟ ಒಂದು ತಟ್ಟೆ ಸೊಪ್ಪು. ರತ್ನಕ್ಕ ಮಾತ್ರ ಗುಣವಾದವರೆಂದು ಬರೆಸಿಕೊಂಡು ಕಾಯಿಲೆಯ ಜೊತೆಗೇ ಮನೆಗೆ ಹೋಗುತ್ತಾರೆ.

ಶುಕ್ರವಾರ

ಬೆಳಿಗ್ಗೆ ಬೇಗ ಹೋಗಿ ವಿಲ್ಲೆಮ್ ಅವರನ್ನು ಕಂಡೆ. ಪ್ರಶ್ನೆ ಕೇಳುವಾಗ ತಾವು ಕೋಣೆಯಲ್ಲಿ ಇರಬಾರದು ಎಂದೆ. ಜೀವನದಲ್ಲಿ ನಾನು ಹಿರಿಯರೊಬ್ಬರಿಗೆ ಆಚೆ ಹೋಗಿ ಎಂದದ್ದು ಅದೇ ಮೊದಲು.

"ಯಾಕೆ?"

ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲ. ಹೆಣ್ಣು ನೋಡುವ ಶಾಸ್ತ್ರದಿಂದ ಶುರು ಮಾಡಿದೆ. ನಮ್ಮ ಜಿಲ್ಲೆಯಲ್ಲಿ ಗಂಡಿನವರು ಬರುತ್ತಾರೆ, ಉಪ್ಪಿಟ್ಟು ಕೇಸರಿಭಾತು ತಿನ್ನುತ್ತಾರೆ. ಹುಡುಗಿ ಒಪ್ಪಿಗೆಯಾಗದಿದ್ದರೂ ಎದುರಿಗೆ ಹೇಳುವುದಿಲ್ಲ. ಚೆನ್ನಾಗಿದ್ದಾಳೆ, ಉಪ್ಪಿಟ್ಟೂ ಚೆನ್ನಾಗಿದೆ, ಹೇಳಿ ಕಳಿಸ್ತೀವಿ ಎನ್ನುತ್ತಾರೆ. ನಿಜ ಆಮೇಲೆ ಮೂರನೆಯವರ ಬಾಯಿಂದ ಬರುತ್ತದೆ. ಎಲ್ಲರಿಗೂ ಇದು ಗೊತ್ತಿರುವುದರಿಂದ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. "ನೀವು ಹೆಣ್ಣಿನ ತಂದೆ. ಎದುರಿಗೆ ಕೂತು ಉಪ್ಪಿಟ್ಟು ಹೇಗಿದೆ ಎಂದು ಕೇಳುತ್ತಿದ್ದೀರಿ. ರೋಗಿ ನೂರು ಎನ್ನದೆ ಇನ್ನೇನು ಎಂದಾರು?"

ವಿಲ್ಲೆಮ್ ಮೊದಲು ಉಪ್ಪಿಟ್ಟು ಎಂದರೇನು ಎಂದು ಕೇಳಿದರು. ಬೇರೆಯವರು ಪ್ರಶ್ನೆ ಕೇಳಲು ನಿಯಮದಲ್ಲಿ ಅವಕಾಶವಿದೆ ಎಂದು ಹೇಳಿ, ರತ್ನಕ್ಕ ಬಂದೊಡನೆ ಬಾಗಿಲು ಮುಚ್ಚಿಕೊಂಡು ಹೊರಗೆ ಹೋದರು. ಗಾಜಿನಾಚೆ ಅವರ ಉದ್ದನೆಯ ನೆರಳು ಅತ್ತಿಂದಿತ್ತ ಓಡಾಡುತ್ತಿತ್ತು.

ರತ್ನಕ್ಕ ಚೀಲದಿಂದ ಡಬ್ಬಿ ತೆಗೆದರು. ಕೋಡುಬಳೆ.

"ನೀನು ಊರಿಗೋಯ್ತೀಯಂತಲ್ಲ, ನೆನ್ನೆ ಕರ್ದೆ. ಆ ಯಪ್ಪ ಎಲ್ಲಿಗೋದ?"

"ಆಚೆ ಇದ್ದಾರೆ. ಇವತ್ತು ನಾನೊಬ್ಬಳೇ ಕೇಳೋದು ರತ್ನಕ್ಕ. ಮನಸ್ಸು ಹೇಗಿದೆ?"

"ಚೆಂದಾಗದೆ. ನೂರು ಬರ್ಕೊ."

ನಾನು ಪೆನ್ನು ಕೆಳಗಿಟ್ಟೆ. ಗಂಡಿನವರು ನಡುವಿನ ಆ ಮೂರನೆಯವರಿಗೂ ಚೆನ್ನಾಗಿದೆ ಎಂದೇ ಹೇಳಿದರೆ ಮುಂದೆ ದಾರಿಯಿಲ್ಲ. ಅಷ್ಟು ದೂರದಿಂದ ಬಂದವಳೆಂದು ನನ್ನ ಮೇಲೂ ದಾಕ್ಷಿಣ್ಯ.

"ಮೊದ್ಲು ತಿನ್ನವ್ವ. ಎಂಗದೆ ಯೋಳು."

ಒಂದು ಕೋಡುಬಳೆ ಬಾಯಿಗಿಟ್ಟೆ. ಹಲ್ಲಿಗೆ ಜಗ್ಗಲಿಲ್ಲ. ದವಡೆಗೆ ಕೊಟ್ಟೆ. ಹೊರಗೆ ವಿಲ್ಲೆಮ್‌ಗೂ ಕೇಳುವಂಥ ಸದ್ದಾಯಿತು. ಬಹಳ ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಇಪ್ಪತ್ತಾರು ವರ್ಷದಿಂದ ಅದು ಅಲ್ಲೇ ನಿಂತಿರುತ್ತದೆ.

"ಚೆನ್ನಾಗಿಲ್ಲ ರತ್ನಕ್ಕ" ಎಂದೆ. "ಕಲ್ಲಾಗಿದೆ. ಕಲಸೋವಾಗ ಕಾದ ಎಣ್ಣೆ ಕಮ್ಮಿ ಹಾಕಿದ್ದೀರಿ."

ರತ್ನಕ್ಕ ನನ್ನನ್ನೇ ನೋಡಿದರು. ನನ್ನ ಕಿವಿ ಕಾದುಹೋಗಿತ್ತು. ಅವರೂ ಒಂದನ್ನು ತೆಗೆದುಕೊಂಡು ಕಚ್ಚಿದರು, ನಿಲ್ಲಿಸಿ ದವಡೆ ಹಿಡಿದುಕೊಂಡರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು.

"ನಿಮ್ಮಪ್ಪ ಅವ್ವ ಇಂಗೇನಾ ಕಲ್ಸಿರಾದು ನಿಂಗೆ? ಒಬ್ರ ಮನೆ ತಿಂಡಿ ತಿಂದು ಕಲ್ಲಾಗದೆ ಅಂತಾಳೆ, ನೋಡವ್ವ ಇವ್ಳ."

"ನಿಜ ತಾನೇ."

"ನಿಜಾನೇಯ." ಅವರು ಕಣ್ಣೊರೆಸಿಕೊಂಡರು. ನಗು ಮುಗಿದಿತ್ತು, ಒರೆಸಿಕೊಳ್ಳುವುದು ಮುಗಿಯಲಿಲ್ಲ. "ಎರಡ್ ವರ್ಸ ಆಗಿತ್ತು ಕಣವ್ವ, ನಾನು ಬಾಂಡ್ಲಿ ಒಲೆ ಮ್ಯಾಲಿಟ್ಟು. ಕೈಯೇ ಮರ್ತೋಗದೆ. ಅಲ್ಲಿ ಮುದುಕೀರ ತಲೆ ಬಾಚಿ ಜಡೆ ಆಕಿ ಬತ್ತೀನಿ, ಮನೇಗ್ ಬಂದ್ರೆ ನನ್ ತಲೆ ಬಾಚ್ಕಳಕ್ಕೆ ಆಗಕಿಲ್ಲ. ಬೆಳಗಾದ್ರೆ ಯಾಕಾರ ಆಯ್ತೋ ಅನ್ನಿಸ್ತದೆ. ವಾಸಿ ಆಗಿಲ್ಲ ಕಣವ್ವ ನಂಗೆ. ಒಂದ್ ಚೂರೂ ಆಗಿಲ್ಲ."

ಮೊದಲ ಪ್ರಶ್ನೆಯಿಂದ ಮತ್ತೆ ಶುರು ಮಾಡಿದೆವು. ನಿದ್ದೆ, ಹಸಿವು, ಕೆಲಸದಲ್ಲಿ ಆಸೆ. ಒಂದೊಂದಕ್ಕೂ ಅವರು ಯೋಚಿಸಿದರು, ಒಂದೆರಡು ಕಡೆ ಹೇಳಿದ ಅಂಕವನ್ನು ತಿದ್ದಿಸಿದರು. ಕೊನೆಯ ಒಂದೇ ಪ್ರಶ್ನೆ ಉಳಿದಿದ್ದಾಗ, "ಆ ಯಪ್ಪನ್ನ ಒಳೀಕ್ ಕರಿ. ಅವ್ನಿಗೆ ನಾನೇ ಯೋಳ್ತೀನಿ. ಆಚೆ ನಿಂತು ನಿಂತು ಕಾಲ್ ನೋಯ್ತದೆ ಪಾಪ" ಎಂದರು.

ವಿಲ್ಲೆಮ್ ಒಳಗೆ ಬಂದರು. ರತ್ನಕ್ಕ ಎದ್ದು ನಿಂತು, ಡಚ್ಚಿನಲ್ಲಿ, ನಿಮ್ಮ ಔಷಧದಿಂದ ನನಗೆ ಗುಣವಾಗಿಲ್ಲ, ಆವತ್ತು ಬಣ್ಣ ಕಂಡಿತೆಂದದ್ದೂ ಸುಳ್ಳು, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಸತ್ತವರ ಮನೆಗೆ ಬಂದು ಹೇಳುವ ದನಿಯಲ್ಲಿ ಹೇಳಿದರು.

"ಬೇಜಾರಾಗಿದೆ" ಎಂದರು ವಿಲ್ಲೆಮ್. "ಹೇಳಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಚಿಕಿತ್ಸೆ ಮುಂದುವರಿಸೋಣ." ಡಬ್ಬಿಯಿಂದ ತಾವಾಗಿಯೇ ಒಂದು ಕೋಡುಬಳೆ ತೆಗೆದುಕೊಂಡು ಕಚ್ಚಿ, ಬಹಳ ಗಟ್ಟಿ ಎಂದರು.

"ನೋಡು, ಇವ್ನಿಗೂ ನಿಮ್ಮಪ್ಪನೇ ಕಲ್ಸವ್ರೆ" ಎಂದರು ರತ್ನಕ್ಕ.

ಕೊನೆಯ ಪ್ರಶ್ನೆ ಓದಿದೆ. ಮುಂದಿನ ದಿನಗಳ ಬಗ್ಗೆ ಭರವಸೆ ಎಷ್ಟಿದೆ, ಸೊನ್ನೆಯಿಂದ ನೂರರವರೆಗೆ?

ಅವರು ಕಿಟಕಿಯ ಕಡೆ ನೋಡಿದರು. ಬೆರಳು ಮಡಿಸಿದರು, ಬಿಚ್ಚಿದರು.

"ಮೂರು ಆಕು. ಇಲ್ಲ, ತಡಿ. ನಾಕು."

"ರತ್ನಕ್ಕ, ಆ ಒಂದು ದಾಕ್ಷಿಣ್ಯಕ್ಕಾ?"

"ದಾಕ್ಷಿಣ್ಯಕ್ಕಾದ್ರೆ ನೂರು ಯೋಳ್ತಿರ್ಲಿಲ್ವಾ?" ಎಂದರು. "ಇದು ನಂದು ಕಣವ್ವ. ನಾಕು ಅಂತ ಬರಿ."